ಆಶ್ರಯ ನಿರಾಕರಣೆಯ ವಿರುದ್ಧ ಮೇಲ್ಮನವಿ (ಅಮೆರಿಕ ಸಂಯುಕ್ತ ಸಂಸ್ಥಾನ)

ಆಶ್ರಯ ನಿರಾಕರಣೆಯ ವಿರುದ್ಧ ಮೇಲ್ಮನವಿ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆಶ್ರಯ ಕೋರಿದ ವಿದೇಶೀಯರ ಅರ್ಜಿಯನ್ನು ವಲಸೆ ನ್ಯಾಯಾಧೀಶರು ತಿರಸ್ಕರಿಸಿದಾಗ, ಆ ತೀರ್ಪನ್ನು ಪ್ರಶ್ನಿಸುವ ಕಾನೂನು ಪ್ರಕ್ರಿಯೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವದ ಕಾರಣದಿಂದ ತಾಯ್ನಾಡಿನಲ್ಲಿ ಕಿರುಕುಳಕ್ಕೆ ಒಳಗಾಗುವ ಸಕಾರಣ ಭಯವುಳ್ಳವರು 1980ರ ನಿರಾಶ್ರಿತರ ಕಾಯಿದೆಯಡಿ ಆಶ್ರಯ ಕೋರಬಹುದು.

ಹೆಸರಿನಲ್ಲಿ ನ್ಯಾಯಾಲಯವೆಂದಿದ್ದರೂ ವಲಸೆ ನ್ಯಾಯಾಲಯಗಳು ಸ್ವತಂತ್ರ ನ್ಯಾಯಾಂಗದ ಭಾಗವಲ್ಲ. ಅವು ಸರ್ಕಾರದ ನ್ಯಾಯ ಇಲಾಖೆಗೆ ಸೇರಿವೆ. ಮೊದಲ ಮೇಲ್ಮನವಿಯನ್ನು ಆಲಿಸುವ ವಲಸೆ ಮೇಲ್ಮನವಿ ಮಂಡಳಿಯೂ ಅದೇ ಇಲಾಖೆಯದು. ಮಂಡಳಿಯ ತೀರ್ಪನ್ನು ಬದಲಿಸುವ ಅಧಿಕಾರ ಅಟಾರ್ನಿ ಜನರಲ್ ಅವರಿಗಿದೆ.

ಸಲ್ಲಿಕೆ ಮತ್ತು ಗಡುವು

ನ್ಯಾಯಾಧೀಶರು ಅನೇಕ ವೇಳೆ ವಿಚಾರಣೆಯ ಕೊನೆಗೆ ಮೌಖಿಕವಾಗಿಯೇ ತೀರ್ಪು ನೀಡುತ್ತಾರೆ. ಆಗ ಮೇಲ್ಮನವಿಯ ಹಕ್ಕನ್ನು ಕಾಯ್ದಿರಿಸುವಿರಾ, ಬಿಟ್ಟುಕೊಡುವಿರಾ ಎಂದು ಅರ್ಜಿದಾರರನ್ನು ಕೇಳಲಾಗುತ್ತದೆ. ಅರ್ಥವಾಗದೆ ಬಿಟ್ಟುಕೊಟ್ಟ ಹಕ್ಕನ್ನು ಮರಳಿ ಪಡೆಯುವುದು ಬಹಳ ಕಷ್ಟ. ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸುವ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲದಿರುವುದರಿಂದ ಈ ಪ್ರಶ್ನೆಯನ್ನು ಹಲವರು ಒಂಟಿಯಾಗಿ ಎದುರಿಸುತ್ತಾರೆ.

ಮಂಡಳಿಗೆ ಮೇಲ್ಮನವಿ ಸಲ್ಲಿಸಲು 1996ರಿಂದ 30 ದಿನಗಳ ಅವಧಿ ರೂಢಿಯಲ್ಲಿ ಬಂದಿತು. ಈ ನಿಯಮಗಳು ಆಗಾಗ ಬದಲಾಗುವುದರಿಂದ ತೀರ್ಪಿನೊಂದಿಗೆ ಕೊಡುವ ಸೂಚನಾಪತ್ರದಲ್ಲಿರುವ ದಿನಾಂಕವೇ ಮುಖ್ಯ. ಅಂಚೆಗೆ ಹಾಕಿದ ದಿನವಲ್ಲ, ಮಂಡಳಿಗೆ ತಲುಪಿದ ದಿನ ಲೆಕ್ಕಕ್ಕೆ ಬರುತ್ತದೆ. ಬಹುಕಾಲ 110 ಡಾಲರ್ ಇದ್ದ ಶುಲ್ಕವು 2025ರ ಕಾನೂನಿನಿಂದ ಹಲವು ಪಟ್ಟು ಏರಿತು.

ಪರಿಶೀಲನೆಯ ವ್ಯಾಪ್ತಿ

ಮೇಲ್ಮನವಿ ಎಂದರೆ ಮರುವಿಚಾರಣೆಯಲ್ಲ. ಅರ್ಜಿದಾರರು ತಮ್ಮ ಕಥೆಯನ್ನು ಮತ್ತೊಮ್ಮೆ ಹೇಳುವ ಅವಕಾಶ ಇಲ್ಲಿಲ್ಲ. ಕೆಳಹಂತದ ಕಡತದಲ್ಲಿ ದಾಖಲಾದ ಸಾಕ್ಷ್ಯವನ್ನೇ ಮಂಡಳಿ ಓದುತ್ತದೆ. ಕಾನೂನಿನ ಪ್ರಶ್ನೆಗಳನ್ನು ಅದು ಹೊಸದಾಗಿ ನಿರ್ಧರಿಸಬಲ್ಲದು. ಆದರೆ ಅರ್ಜಿದಾರರ ಮಾತು ನಂಬಲರ್ಹವೇ ಎಂಬಂತಹ ಸಂಗತಿಗಳ ನಿರ್ಣಯವನ್ನು ಸ್ಪಷ್ಟ ದೋಷ ಕಂಡಾಗ ಮಾತ್ರ ತಳ್ಳಿಹಾಕುತ್ತದೆ. ದುಭಾಷಿಯ ತಪ್ಪಿನಿಂದ ಹೇಳಿಕೆಯಲ್ಲಿ ಹುಟ್ಟಿದ ವಿರೋಧಾಭಾಸವನ್ನು ಕೆಳಹಂತದಲ್ಲೇ ಆಕ್ಷೇಪಿಸಿ ದಾಖಲಿಸದಿದ್ದರೆ ಮುಂದೆ ಅದನ್ನು ಸರಿಪಡಿಸುವುದು ದುಸ್ತರ. ಮೊದಲು ಲಭ್ಯವಿರದ ಹೊಸ ಸಾಕ್ಷ್ಯ ದೊರೆತಲ್ಲಿ ಪ್ರಕರಣವನ್ನು ಮರಳಿ ತೆರೆಯುವಂತೆ ಪ್ರತ್ಯೇಕ ಮನವಿ ಸಲ್ಲಿಸಬಹುದು.

ಮಂಡಳಿಯಲ್ಲೂ ಸೋತವರು 30 ದಿನಗಳೊಳಗೆ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮೊರೆ ಹೋಗಬಹುದು. ಮಂಡಳಿಯ ಮುಂದೆ ಮೇಲ್ಮನವಿ ಬಾಕಿಯಿರುವಾಗ ಗಡೀಪಾರು ಸಾಮಾನ್ಯವಾಗಿ ತಾನಾಗಿ ತಡೆಹಿಡಿಯಲ್ಪಡುತ್ತದೆ. ಫೆಡರಲ್ ಹಂತದಲ್ಲಿ ತಡೆಯಾಜ್ಞೆಯನ್ನು ಬೇರೆಯಾಗಿ ಕೋರಬೇಕು.

ಕಾರ್ಡೋಜಾ-ಫೊನ್ಸೆಕಾ ಪ್ರಕರಣ

ಮೇಲ್ಮನವಿಯಿಂದ ಕಾನೂನೇ ಸ್ಪಷ್ಟಗೊಂಡ ಪ್ರಸಿದ್ಧ ನಿದರ್ಶನವಿದು. ನಿಕರಾಗುವಾದ ಲುಸ್ ಮರೀನಾ ಕಾರ್ಡೋಜಾ-ಫೊನ್ಸೆಕಾ 1979ರಲ್ಲಿ ಸಂದರ್ಶಕರಾಗಿ ಅಮೆರಿಕಕ್ಕೆ ಬಂದವರು. ತಮ್ಮ ಸಹೋದರನಿಗೆ ರಾಜಕೀಯ ಕಾರಣದಿಂದ ಚಿತ್ರಹಿಂಸೆಯಾಗಿದ್ದು, ಹಿಂದಿರುಗಿದರೆ ತಮಗೂ ಅಪಾಯವಿದೆ ಎಂಬುದು ಅವರ ವಾದ. ಕಿರುಕುಳ ನಡೆಯುವ ಸಂಭವವೇ ಹೆಚ್ಚೆಂದು ಸಾಬೀತಾಗಿಲ್ಲವೆಂದು ವಲಸೆ ನ್ಯಾಯಾಧೀಶರೂ ಮಂಡಳಿಯೂ ಆಶ್ರಯ ನಿರಾಕರಿಸಿದರು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಮಾನದಂಡ ತಪ್ಪೆಂದು 6–3 ಬಹುಮತದಿಂದ ತೀರ್ಪಿತ್ತಿತು. ಭಯ ಸಕಾರಣವಾಗಿರಲು ಕಿರುಕುಳದ ಸಂಭವ ಶೇಕಡಾ 50ನ್ನು ಮೀರಬೇಕಿಲ್ಲ. ಶೇಕಡಾ 10ರಷ್ಟಿದ್ದರೂ ಸಾಕಾಗಬಹುದು ಎಂಬ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರ ವಿವರಣೆಯನ್ನು ವಕೀಲರು ಇಂದಿಗೂ ಉದ್ಧರಿಸುತ್ತಾರೆ.