ಗುಂಪಿಗೆ ವಿಡಿಯೋ ಹಾಕಿದರೆ ಮಗುವಿಗೆ ತಕ್ಕ ಪಾಠ ಆಯಿತೇ?

'ನಿಮ್ಮ ಮಗು ನೋಡಿ ಕಲಿಯುತ್ತದೋ, ಕೇಳಿ ಕಲಿಯುತ್ತದೋ? ಹತ್ತು ಪ್ರಶ್ನೆಗೆ ಉತ್ತರಿಸಿ, ತಕ್ಕ ಗುಂಪಿಗೆ ಸೇರಿಸಿ.' ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ತುಸು ತಡೆಯಿರಿ.

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು ಈ 'ಕಲಿಕಾ ಶೈಲಿ' ವಾದವನ್ನು ಪರಿಶೀಲಿಸಿದರು. ಶೈಲಿಗೆ ಹೊಂದಿಸಿ ಕಲಿಸಿದರೆ ಮಗು ಹೆಚ್ಚು ಕಲಿಯುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಮಗುವಿಗೆ ವಿಡಿಯೋ ಇಷ್ಟವಿರಬಹುದು. ಇಷ್ಟವೇ ಬೇರೆ, ಕಲಿಕೆಯೇ ಬೇರೆ. ಅಂಥ ಲಿಂಕ್ ಮಗುವಿನ ಹೆಸರು, ಫೋನ್ ನಂಬರ್ ಕೇಳಿದರಂತೂ ಕೊಡಲೇಬೇಡಿ.

ಹೊಂದಿಸಬೇಕಾದದ್ದು ಬೇರೆಯೇ ಇದೆ. ಭಾಗಾಕಾರ ಬಾರದ ಮಗುವಿಗೆ ಭಿನ್ನರಾಶಿಯ ವಿಡಿಯೋ ಎಷ್ಟು ಚೆನ್ನಾಗಿದ್ದರೂ ಹತ್ತುವುದಿಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಭಾಷೆಯೂ ಸೇರುತ್ತದೆ: ಮನೆಯಲ್ಲಿ ಮರಾಠಿ, ಕೊಂಕಣಿ ಅಥವಾ ಉರ್ದು ಆಡುವ ಮಕ್ಕಳು ಅಲ್ಲಿ ಬಹಳ. ಬೆಳಗಾವಿಯ ಟಿಳಕವಾಡಿಯಲ್ಲಿ ಕ್ಷಣದಲ್ಲಿ ತೆರೆಯುವ ವಿಡಿಯೋ ಭೀಮಗಡ ಕಾಡಿನ ಹಳ್ಳಿಯಲ್ಲಿ ತೆರೆಯದಿರಬಹುದು. ಮನೆಗೆ ಇರುವ ಒಂದೇ ಫೋನ್ ಅಪ್ಪನ ಜೇಬಿನಲ್ಲಿ ಗೋವಾಕ್ಕೆ ಕೆಲಸಕ್ಕೆ ಹೋಗಿರಲೂಬಹುದು!

2020ರ ಆಗಸ್ಟ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಆರಂಭಿಸಿದ 'ವಿದ್ಯಾಗಮ' ಇದನ್ನು ಒಪ್ಪಿಕೊಂಡೇ ಹೊರಟಿತ್ತು. ಫೋನೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಎಂದು ಮಕ್ಕಳನ್ನು ಮೂರಾಗಿ ಗುರುತಿಸಿ, ಶಿಕ್ಷಕರು ಮಕ್ಕಳಿದ್ದ ಓಣಿಗೇ ಹೋಗಿ ಪಾಠ ಮಾಡಿದರು. ಕೋವಿಡ್ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆದರೂ ಆ ವಿಂಗಡಣೆ ಇಂದಿಗೂ ಉಪಯುಕ್ತ ಎಂಬುದು ನನ್ನ ಅನಿಸಿಕೆ.

ಹಾಗಾದರೆ ವಾಟ್ಸ್‌ಆ್ಯಪ್ ಗುಂಪು ವ್ಯರ್ಥವೇ? ಅಲ್ಲ. ಆದರೆ ನೀಲಿ ಟಿಕ್ ಬಂದರೆ ಸಂದೇಶ ತೆರೆದರು ಎಂದಷ್ಟೇ ಅರ್ಥ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಆದ್ದರಿಂದ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿ, ಉತ್ತರವನ್ನು ಮಗು ಪುಸ್ತಕ ನೋಡದೆ 30 ಸೆಕೆಂಡ್‌ನ ಧ್ವನಿ ಸಂದೇಶವಾಗಿ ಶಿಕ್ಷಕರಿಗೆ ನೇರವಾಗಿ ಕಳಿಸಲಿ, ಮನೆಮಾತಿನಲ್ಲಾದರೂ ಸರಿ. ಉತ್ತರ ಗುಂಪಿಗೇ ಬಂದರೆ ಮೊದಲನೆಯದನ್ನು ಉಳಿದವರು ನಕಲು ಮಾಡುತ್ತಾರೆ. ಯಾರು ಎಲ್ಲಿ ತಪ್ಪಿದರು ಎಂದು ಗೊತ್ತಾದ ಮೇಲೆಯೇ ಯಾರಿಗೆ ಯಾವ ವಿಡಿಯೋ ಎಂದು ತೀರ್ಮಾನಿಸಲು ಸಾಧ್ಯ.

ಇದಕ್ಕೆ ಸಮಯ ಬೇಕು. 60 ಮಕ್ಕಳ ಉತ್ತರ ಕೇಳುವುದಕ್ಕೇ ಅರ್ಧ ಗಂಟೆ. ಮರು ಉತ್ತರದ ಸಮಯ ಬೇರೆ. ದಿನಕ್ಕೆ ಹತ್ತು ಮಕ್ಕಳಂತೆ ಸರದಿ ಹಾಕಿದರೆ ಆರು ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ.