ಚಹಾದಂಗಡಿಗಳ ಲೆಕ್ಕ ಹಿಡಿದ ಗಣಕ

ಒಂದು ಊರಿನ ಬ್ಯಾಂಕಿನಲ್ಲಿ ಕಟ್ಟಿದ ಹಣವನ್ನು ಇನ್ನೊಂದು ಊರಿನ ಶಾಖೆಯಲ್ಲಿ ತೆಗೆಯುವಾಗ ನೀವು ಅಚ್ಚರಿಪಡುವುದಿಲ್ಲ. ಎಲ್ಲ ಶಾಖೆಗಳ ಲೆಕ್ಕವೂ ಕೇಂದ್ರದ ಗಣಕದಲ್ಲಿರುತ್ತದೆಂಬುದು ನಿಮಗೆ ಗೊತ್ತು. ಆದರೆ ಶಾಖೆಗಳ ದಿನನಿತ್ಯದ ವ್ಯವಹಾರವನ್ನು ಗಣಕಕ್ಕೆ ಒಪ್ಪಿಸಿದ ಮೊದಮೊದಲಿಗರಲ್ಲಿ ಚಹಾ, ಕೇಕು ಮಾರುವ ಲಂಡನ್ನಿನ ಒಂದು ಕಂಪನಿಯೂ ಇತ್ತೆಂದರೆ ನಂಬುತ್ತೀರಾ?

ಅದರ ಹೆಸರು ಜೆ. ಲಯನ್ಸ್. 1894ರಲ್ಲಿ ಪಿಕಾಡಿಲಿಯಲ್ಲಿ ಮೊದಲ ಚಹಾದಂಗಡಿ ತೆರೆದ ಈ ಕಂಪನಿಗೆ ಮುಂದೆ ನೂರಕ್ಕೂ ಹೆಚ್ಚು ಅಂಗಡಿಗಳಾದವು. ಕೇಂದ್ರ ಕಚೇರಿ ಮತ್ತು ಬೇಕರಿ ಇದ್ದದ್ದು ಪಶ್ಚಿಮ ಲಂಡನ್ನಿನ ಕ್ಯಾಡ್ಬಿ ಹಾಲ್‌ನಲ್ಲಿ. ಬನ್ನು ಹೆಚ್ಚು ಕಳಿಸಿದರೆ ಹಳಸುತ್ತದೆ, ಕಡಿಮೆಯಾದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಒಂದು ಬಟ್ಟಲು ಚಹಾದ ಲಾಭವೋ ಅತ್ಯಲ್ಪ; ಗುಮಾಸ್ತರ ಖರ್ಚೇ ಅದನ್ನು ನುಂಗಿಬಿಡಬಹುದು.

1947ರಲ್ಲಿ ಕಂಪನಿಯ ಸ್ಟ್ಯಾಂಡಿಂಗ್‌ಫೋರ್ಡ್ ಮತ್ತು ಥಾಂಪ್ಸನ್ ಅಮೆರಿಕಕ್ಕೆ ಹೋದರು. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಎಡ್‌ಸ್ಯಾಕ್ ಎಂಬ ಗಣಕ ಕಟ್ಟುತ್ತಿರುವ ವಿಷಯ ಅವರಿಗೆ ತಿಳಿದದ್ದು ಅಲ್ಲಿಯೇ. ತಮ್ಮ ನಾಡಿನ ಸುದ್ದಿಯನ್ನು ಸಾಗರ ದಾಟಿ ಕೇಳಬೇಕಾಯಿತು! ಲಯನ್ಸ್ ವಿಲ್ಕ್ಸ್‌ಗೆ 3,000 ಪೌಂಡ್ ಹಾಗೂ ಒಬ್ಬ ತಂತ್ರಜ್ಞನ ನೆರವು ನೀಡಿತು. 1949ರ ಮೇ ತಿಂಗಳಲ್ಲಿ ಎಡ್‌ಸ್ಯಾಕ್ ಓಡಿತು. ಅದರ ಮಾದರಿಯಲ್ಲೇ ಜಾನ್ ಪಿಂಕರ್ಟನ್ ಕಂಪನಿಗಾಗಿ ಕಟ್ಟಿದ ಗಣಕ 'ಲಿಯೋ'. ಅದರಲ್ಲಿ ಸುಮಾರು 6,000 ನಿರ್ವಾತ ನಳಿಗೆಗಳಿದ್ದವು. ಸ್ಮೃತಿಯೆಂದರೆ ಪಾದರಸ ತುಂಬಿದ ಕೊಳವೆಗಳು. ಅವುಗಳೊಳಗೆ ಶಬ್ದದ ಮಿಡಿತಗಳಾಗಿ ಅಂಕಿಗಳು ಸುತ್ತುತ್ತಿದ್ದವು. 1951ರ ನವೆಂಬರಿನಿಂದ ಅದು ಬೇಕರಿಯ ಲೆಕ್ಕವನ್ನು ನಿಯಮಿತವಾಗಿ ಮಾಡತೊಡಗಿತು.

ಶಾಖೆಗಳ ಕೆಲಸ ಬಂದದ್ದು 1954ರಲ್ಲಿ. ಅದುವರೆಗೆ ಪ್ರತಿ ಅಂಗಡಿಯ ಮೇಲ್ವಿಚಾರಕಿ ನಾಳೆಗೆ ಬೇಕಾದ ತಿನಿಸುಗಳ ಪಟ್ಟಿಗಳನ್ನು ದಿನವೂ ಬರೆಯಬೇಕಿತ್ತು. ಆ ಪಟ್ಟಿಗಳನ್ನೇ ಯಂತ್ರಕ್ಕೆ ಉಣಿಸಿದ್ದರೆ ಕಚೇರಿಯ ಹೊರೆ ಹಾಗೆಯೇ ಉಳಿಯುತ್ತಿತ್ತು. ಡೇವಿಡ್ ಕ್ಯಾಮಿನರ್ ಅವರ ತಂಡ ಕ್ರಮವಿಧಿ ಬರೆಯುವ ಮೊದಲು ಕೆಲಸವನ್ನೇ ಬಿಡಿಸಿ ನೋಡಿತು. ಸೋಮವಾರದ ಬೇಡಿಕೆ ಹಿಂದಿನ ಸೋಮವಾರದಂತೆಯೇ ಇರುತ್ತದಲ್ಲವೆ? ಹಾಗಾದರೆ ವಾರದ ಪ್ರತಿ ದಿನಕ್ಕೂ ಒಂದು ಸ್ಥಿರ ಬೇಡಿಕೆ ಕೇಂದ್ರದ ಕಾರ್ಡುಗಳಲ್ಲಿರಲಿ, ಅಂಗಡಿ ಬದಲಾವಣೆಯನ್ನಷ್ಟೇ ತಿಳಿಸಲಿ! ಹಾಜರಿ ಕರೆಯುವಾಗ ನೀವು ಗೈರುಹಾಜರಾದವರ ಹೆಸರನ್ನಷ್ಟೇ ಬರೆದುಕೊಂಡಂತೆ.

ಗೊತ್ತಾದ ಹೊತ್ತಿಗೆ ಕ್ಯಾಡ್ಬಿ ಹಾಲ್ ಮತ್ತು ಅಂಗಡಿಯ ನಡುವೆ ದೂರವಾಣಿ ಮಾತುಕತೆ. ಕಿವಿಗೆ ಶ್ರವಣಯಂತ್ರ ತೊಟ್ಟ ಹುಡುಗಿಯರು ಮಾತು ಕೇಳುತ್ತಲೇ ಕಾರ್ಡುಗಳಿಗೆ ರಂಧ್ರ ಹಾಕುತ್ತಿದ್ದರು. ನಡುವೆ ಕಾಗದವೇ ಇಲ್ಲ. ಲಿಯೋ ಸ್ಥಿರ ಬೇಡಿಕೆಯೊಂದಿಗೆ ಬದಲಾವಣೆಯನ್ನು ಕೂಡಿಸಿ, ಕಳೆದು, ಯಾವ ಅಂಗಡಿಗೆ ಏನೇನು ಕಟ್ಟಬೇಕೆಂಬ ಪಟ್ಟಿಯನ್ನು ಮುದ್ರಿಸುತ್ತಿತ್ತು. ನನ್ನ ಮಟ್ಟಿಗೆ ನಳಿಗೆ, ಪಾದರಸಗಳಿಗಿಂತ ಹೆಚ್ಚಿನ ಆವಿಷ್ಕಾರ ಇದೇ. ಇಂದು ಕೇಂದ್ರದ ಕಡತಕ್ಕೆ ಶಾಖೆಯಿಂದ ಬದಲಾದ ಅಂಶವನ್ನಷ್ಟೇ ಕಳಿಸುವ ತಂತ್ರಾಂಶಗಳೂ ಈ ಉಪಾಯವನ್ನೇ ಬಳಸುತ್ತವೆ.

ಅಪಾಯವೂ ಸಣ್ಣದಲ್ಲ. ಹಳೆಯ ಏರ್ಪಾಡಿನಲ್ಲಿ ಒಬ್ಬ ಗುಮಾಸ್ತ ತಪ್ಪಿದರೆ ಕೆಲವೇ ಅಂಗಡಿಗಳಿಗೆ ತೊಂದರೆ. ಲಿಯೋ ನಿಂತರೆ ಮರುದಿನ ಅಷ್ಟೂ ಅಂಗಡಿಗಳ ತಟ್ಟೆ ಖಾಲಿ. ಸಾವಿರಾರು ನಳಿಗೆಗಳಲ್ಲಿ ಯಾವುದು ಯಾವಾಗ ಸುಡುವುದೋ ಯಾರು ಬಲ್ಲರು? ಅದಕ್ಕಾಗಿ ವೋಲ್ಟೇಜನ್ನು ಬೇಕೆಂದೇ ಏರಿಳಿಸಿ, ಸೋಲಲಿರುವ ನಳಿಗೆಗಳನ್ನು ಮೊದಲೇ ಪತ್ತೆಹಚ್ಚಿ ಕಿತ್ತುಹಾಕುತ್ತಿದ್ದರು. ಹೀಗೆ ದಿನದಿನವೂ ಪರೀಕ್ಷೆಗೊಳಗಾಗುತ್ತಲೇ ಲಿಯೋ 1965ರವರೆಗೆ ದುಡಿಯಿತು.