ಆಮದು ಕಾರಿನ ಹೆಡ್‌ಲೈಟ್, ಬ್ರಿಟನ್ನಿನಲ್ಲಿ
ಬಲಬದಿ ಸಂಚಾರದ ದೇಶಗಳಿಂದ ಬ್ರಿಟನ್ನಿಗೆ ತಂದ ಕಾರಿನ ದೀಪಗಳನ್ನು ಅಲ್ಲಿನ ಎಡಬದಿ ಸಂಚಾರಕ್ಕೆ ಹೊಂದಿಸುವ ಕ್ರಮ. ಯುರೋಪ್ ಮಾದರಿಯ ಡಿಪ್ ಬೆಳಕಿನ ಮೇಲಂಚು ಸಾಮಾನ್ಯವಾಗಿ ಮಟ್ಟಸವಾಗಿ ಸಾಗಿ, ಪಾದಚಾರಿಗಳೂ ಫಲಕಗಳೂ ಕಾಣಲೆಂದು ರಸ್ತೆಯಂಚಿನ ಕಡೆ 15 ಡಿಗ್ರಿಯಷ್ಟು ಮೇಲೇರುತ್ತದೆ. ಜರ್ಮನಿಯ ಕಾರಿನಲ್ಲಿ ಈ ಏರಿಕೆ ಬಲಕ್ಕಿರುವುದರಿಂದ ಬ್ರಿಟನ್ನಿನಲ್ಲಿ ಎದುರು ಬರುವ ಚಾಲಕನ ಕಣ್ಣಿಗೇ ಹೊಡೆಯುತ್ತದೆ. ಈ ಹೊಂದಾಣಿಕೆಯನ್ನು ಬರಿಯ ಕಾಗದದ ಕಟ್ಟಳೆಯೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ವಾಹನ ತಪಾಸಣೆಯಾದ ಎಂಒಟಿಯಲ್ಲೂ ಬೆಳಕಿನ ಗುರಿಯನ್ನು ಅಳೆಯುತ್ತಾರೆ.

ದೀಪದ ಗಾಜಿನ ಮೇಲೆ ವೃತ್ತದೊಳಗಿನ ‘ಇ’ ಮುದ್ರೆಯ ಬಳಿ ಬಾಣವಿಲ್ಲದಿದ್ದರೆ ಅದು ಬಲಬದಿ ಸಂಚಾರದ್ದು. ನೋಡುವವರ ಬಲಕ್ಕೆ ಬಾಣವಿದ್ದರೆ ಎಡಬದಿಯದು, ಎರಡೂ ಕಡೆ ಚಾಚಿದ್ದರೆ ಎರಡಕ್ಕೂ ಸಲ್ಲುವಂಥದ್ದು. ಕೆಲವು ಪ್ರೊಜೆಕ್ಟರ್ ದೀಪಗಳಲ್ಲಿ ಒಳಗಿನ ಪುಟ್ಟ ಲಿವರ್ ಸರಿಸಿದರೆ ಸಾಕು. ಹಲವು ಕಾರುಗಳಲ್ಲಿ ಇಡೀ ದೀಪವನ್ನೇ ಬದಲಿಸಬೇಕಾಗುತ್ತದೆ. ಎಡಬದಿಯಲ್ಲೇ ಓಡುವ ಜಪಾನಿನ ಕಾರುಗಳಿಗೆ ಏರಿಕೆಯ ಈ ತೊಡಕಿಲ್ಲ.